ಮರದಡಿಯ ಕೌಂಟರು

ಕ್ಯಾಷಿಯರರ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ಬಗೆಯ ಜನ. ದುಡ್ಡನ್ನು ಎಣಿಸಿ ತೆಗೆದುಕೊಳ್ಳುವವರು ಒಂದು ಬಗೆ, ಎಣಿಸದೆ ತೆಗೆದುಕೊಂಡು ಆಮೇಲೆ ಅಳುವವರು ಇನ್ನೊಂದು. ಬ್ಯಾಂಕಿನ ಎರಡನೇ ನಂಬರ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಅವರು ಕಂಡುಕೊಂಡ ಸತ್ಯ ಇದು. ಅಷ್ಟು ವರ್ಷಗಳಲ್ಲಿ ಲೆಕ್ಕ ಒಂದು ಕಾಸು ಹೆಚ್ಚು ಕಡಿಮೆ ಆಗಿರಲಿಲ್ಲ. ಸಾಲಿನಲ್ಲಿ ನಿಂತವರನ್ನು 'ನಾಳೆ ಬನ್ನಿ' ಎಂದು ವಾಪಸ್ ಕಳಿಸಿದ್ದೂ ಇರಲಿಲ್ಲ. ಒಂದು ಸಲ ತಲೆ ಮೇಲಿನ ಫ್ಯಾನು ಕಳಚಿ ಪಕ್ಕಕ್ಕೇ ಬಿದ್ದಾಗಲೂ, ಸಾಲಿನಲ್ಲಿ ಉಳಿದಿದ್ದ ಮೂವರಿಗೆ ದುಡ್ಡು ಕೊಟ್ಟು ಮುಗಿಸಿ, ಆಮೇಲೆಯೇ ಎದ್ದು ತಮ್ಮ ತಲೆ ಸ್ವಸ್ಥಾನದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡವರು ಅವರು.

ಇಂಥವರು ಸಂಸಾರ ಸಮೇತ ಮೂರು ದಿನದ ಪ್ರವಾಸಕ್ಕೆಂದು ಪರದೇಶದ ಕಡಲತೀರದ ಊರೊಂದಕ್ಕೆ ಬಂದಿಳಿದರು. ಬಂದದ್ದು ಹೆಂಡತಿಯ ಆಸೆಗೆ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಮೆಷಿನ್ನಿನ ಎದುರು ಗೋಡೆಯಲ್ಲಿ ಒಂದು ಕ್ಯಾಲೆಂಡರು. ಅದರಲ್ಲಿ ಈ ಊರಿನ ದ್ವೀಪಕ್ಕೆ ಹೋಗುವ ಗಾಜಿನ ತಳದ ದೋಣಿಯ ಚಿತ್ರ. ಕಾಲ ಕೆಳಗೇ ಸಮುದ್ರ, ಸಮುದ್ರದಲ್ಲಿ ಬಣ್ಣಬಣ್ಣದ ಮೀನು. ಕ್ಯಾಲೆಂಡರಿನ ವರ್ಷ ಮುಗಿದು ಎರಡು ವರ್ಷವಾದರೂ ಆಕೆ ಅದನ್ನು ಇಳಿಸಿರಲಿಲ್ಲ. ತೋಳು ಕೂರಿಸುವಾಗೊಮ್ಮೆ, ಕಾಜ ಮಾಡುವಾಗೊಮ್ಮೆ ತಲೆಯೆತ್ತಿ ಮೀನು ನೋಡುತ್ತಿದ್ದಳು. ನೋಡಿ ನೋಡಿ, ಹೊಲಿಗೆಯ ದುಡ್ಡನ್ನು ದಾರದುಂಡೆಯ ಡಬ್ಬಿಯಲ್ಲಿ ಹಾಕುತ್ತಾ ಬಂದು, ಕೊನೆಗೊಂದು ದಿನ ಗಂಡನ ಮುಂದೆ ನಿಂತು "ಹೋಗೋಣ" ಅಂದಿದ್ದಳು.

ಹೋಗೋಣ ಅಂದ ಮೇಲೆ ಅತ್ತೆ ಹೊರಟರು. ಅತ್ತೆ ಹೊರಟ ಮೇಲೆ, ಪಾತ್ರೆ ಅಂಗಡಿ ಇಟ್ಟಿದ್ದ ಭಾವಮೈದನೂ "ಅಮ್ಮನ ಜೊತೆ ಯಾರಾದ್ರೂ ಇರ್ಬೇಕಲ್ಲ" ಎಂದು ಸೂಟ್‌ಕೇಸು ತುಂಬಿಸಿದ. ಕ್ಯಾಷಿಯರರು ಮೂವರನ್ನೂ ಸೋಫಾದ ಮೇಲೆ ಕೂರಿಸಿ, ತಾವು ನಿಂತು ಭಾಷಣ ಮಾಡಿದರು.

"ನೋಡಿ, ಅಲ್ಲಿ ದುಡ್ಡು ಬದಲಾಯಿಸೋದು ಅಂದ್ರೆ ಹುಲಿ ಬಾಯಿಗೆ ಕೈ ಹಾಕಿದ ಹಾಗೆ. ಎಲ್ಲರ ದುಡ್ಡೂ ನನ್ನ ಕೈಗೆ ಬರಲಿ. ನಾನೇ ಬದಲಾಯಿಸಿ, ಎಣಿಸಿ, ನಿಮ್ಮ ನಿಮ್ಮ ಪಾಲು ಕೊಡ್ತೀನಿ. ಅಲ್ಲಿವರೆಗೆ ಯಾರೂ ಒಂದು ನೋಟೂ ಹೊರಗೆ ತೆಗೀಬಾರದು."

"ನಿಮ್ಮಂಥ ಅಳಿಯಂದಿರಿರುವಾಗ ನಮಗ್ಯಾಕೆ ಚಿಂತೆ" ಎಂದು ಅತ್ತೆ ಸೊಂಟದ ಚೀಲ ಬಿಚ್ಚಿಕೊಟ್ಟರು. ಭಾವಮೈದನೂ ಕೊಟ್ಟ, ಕಾಲುಚೀಲದಲ್ಲಿ ಇಟ್ಟುಕೊಂಡದ್ದನ್ನು ಬಿಟ್ಟು. ಹೆಂಡತಿಯೂ ಕೊಟ್ಟಳು, ದಾರದುಂಡೆಯ ಡಬ್ಬಿಯಲ್ಲಿದ್ದದ್ದನ್ನು ಬಿಟ್ಟು.

ಮೊದಲ ಎರಡು ದಿನವನ್ನು ಕ್ಯಾಷಿಯರರು ಸಂಶೋಧನೆಗೆ ಮೀಸಲಿಟ್ಟರು. ಕೈಯಲ್ಲೊಂದು ನೀಲಿ ರಟ್ಟಿನ ಪುಸ್ತಕ. ಊರಿನಲ್ಲಿ ದುಡ್ಡು ಬದಲಾಯಿಸುವ ಜಾಗಗಳು ಹದಿನಾಲ್ಕು. ಹದಿನಾಲ್ಕೂ ಕಡೆ ಹೋಗಿ, ಬೋರ್ಡಿನ ಮುಂದೆ ನಿಂತು, ಕೊಳ್ಳುವ ದರ, ಮಾರುವ ದರ, ಕಮಿಷನ್ನು, ಲೈಸೆನ್ಸು ಗೋಡೆಗೆ ತೂಗುಹಾಕಿದ್ದಾರೋ ಇಲ್ಲವೋ, ಎಲ್ಲ ಬರೆದುಕೊಂಡರು. ತಮ್ಮ ದೇಶದ ದುಡ್ಡಿನ ದರ ಸಾಲದು ಎಂದು ಬೋರ್ಡಿನಲ್ಲಿದ್ದ ಅಷ್ಟೂ ದೇಶಗಳ ದರ ಬರೆದುಕೊಂಡರು. ಹದಿನಾಲ್ಕನೆಯದು ಅವರು ಇಳಿದುಕೊಂಡಿದ್ದ ಹೋಟೆಲಿನ ಕೌಂಟರೇ. ಅದರ ಮುಂದೆ ಕೆಂಪು ಇಂಕಿನಲ್ಲಿ ಬರೆದರು: "ಅತಿ ಕಡಿಮೆ ದರ. ಇಲ್ಲಿ ಬದಲಾಯಿಸುವವರು ದಡ್ಡರು."

ಕೊನೆಯ ಪುಟದಲ್ಲಿ 'ಎಚ್ಚರಿಕೆ' ಎಂಬ ತಲೆಬರಹದಡಿ, ಬೀದಿಯಲ್ಲಿ ದುಡ್ಡು ಬದಲಾಯಿಸುವ ಮೋಸಗಾರರ ಲಕ್ಷಣಗಳನ್ನು ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆದಿಟ್ಟರು. ಈ ಪುಟದ ಬಗ್ಗೆ ಅವರಿಗೆ ವಿಶೇಷ ಹೆಮ್ಮೆ ಇತ್ತು.

ಈ ಎರಡು ದಿನ ಸಂಸಾರ ಏನು ತಿಂದಿತು ಎಂದು ಕೇಳಬೇಡಿ. ಹೋಟೆಲಿನ ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿತ್ತು. ಅತ್ತೆ ಹೊಟ್ಟೆ ತುಂಬ ತಿಂದು, ಟವೆಲ್ಲಿನಲ್ಲಿ ಬ್ರೆಡ್ಡು ಸುತ್ತಿಕೊಂಡು ಎದ್ದು ಬರುತ್ತಿದ್ದರು. ಉಳಿದ ಹೊತ್ತಿಗೆ ಊರಿಂದ ತಂದ ಬಿಸ್ಕತ್ತು. ಸಮುದ್ರವನ್ನು ಇನ್ನೂ ಯಾರೂ ಹತ್ತಿರದಿಂದ ನೋಡಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದಳು:

"ರೀ, ದೋಣಿ ಹೊರಡೋದು ದಿನಕ್ಕೆ ಒಂದೇ ಸಲ. ಮಧ್ಯಾಹ್ನ ಮೂರಕ್ಕೆ. ನಾಳೆ ಬೆಳಿಗ್ಗೆ ನಾವು ವಾಪಸ್ ಹೊರಡಬೇಕು."

"ಗೊತ್ತು ಇವಳೇ. ಅದಕ್ಕೇ ತೀರ್ಮಾನ ಮಾಡಿದೀನಿ. ಒಂಬತ್ತನೇ ನಂಬರ್ ಅಂಗಡಿ."

"ಮೂರು ಗಂಟೆ" ಅಂದಳು ಆಕೆ ಮತ್ತೊಮ್ಮೆ.

ಹತ್ತೂವರೆಗೆ ನಾಲ್ವರೂ ಒಂಬತ್ತನೇ ನಂಬರ್ ಅಂಗಡಿಯಲ್ಲಿದ್ದರು. ಅದು ಬಟ್ಟೆ ಅಂಗಡಿಗೂ ಔಷಧದಂಗಡಿಗೂ ನಡುವೆ ಸಿಕ್ಕಿಕೊಂಡ, ಇಬ್ಬರು ನಿಂತರೆ ಮೂರನೆಯವನು ಉಸಿರು ಬಿಡಲಾಗದ ಜಾಗ. ಅಂಗಡಿಯವನಿಗೆ, ಆ ಊರಿನ ಎಲ್ಲರ ಹಾಗೆ, ಎಲ್ಲ ಭಾಷೆಗಳೂ ದುಡ್ಡಿನ ಮಟ್ಟಿಗೆ ಬರುತ್ತಿದ್ದವು. ನೋಟಿನ ಕಟ್ಟು ಕೊಟ್ಟ. ಕ್ಯಾಷಿಯರರು ಜೇಬಿನಿಂದ ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಡಬ್ಬಿ ತೆಗೆದರು, ಭೂತಗನ್ನಡಿ ತೆಗೆದರು, ಮೊದಲನೇ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದರು.

ಇಪ್ಪತ್ತೆರಡನೇ ನೋಟಿನ ಹೊತ್ತಿಗೆ ಹಿಂದೆ ಎಂಟು ಜನ ಸೇರಿದ್ದರು. ಅಂಗಡಿಯವನು ಕೈಮುಗಿದ.

"ಅಣ್ಣಾ, ದಯವಿಟ್ಟು ಹೊರಗೆ ಕೂತು ಎಣಿಸಿ. ಎದುರಿಗೆ ಮರ ಇದೆ, ನೆರಳಿದೆ, ಗಾಳಿ ಇದೆ. ಒಂದು ಕಡಿಮೆ ಇದ್ರೂ ಎರಡು ಕೊಡ್ತೀನಿ. ಹೋಗಿ."

ಈ ಮಾತು ಆಡಿದ್ದಕ್ಕೆ ಅವನು ಆಮೇಲೆ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡನಂತೆ.

ರಸ್ತೆಯ ಆಚೆ ಬದಿಗೆ ಒಂದು ದೊಡ್ಡ ಮರ, ಮರದ ಕೆಳಗೆ ಕಬ್ಬಿಣದ ಬೆಂಚು. ಆದರೆ ಕ್ಯಾಷಿಯರರಿಗೆ ಒಂದು ಕಷ್ಟವಿತ್ತು. ಮುಂದೆ ಒಂದು ಕೌಂಟರು ಇಲ್ಲದೆ ಅವರಿಗೆ ಲೆಕ್ಕ ಬರುತ್ತಿರಲಿಲ್ಲ. ಮನೆಯಲ್ಲಿ ಹಾಲಿನವನಿಗೆ ದುಡ್ಡು ಕೊಡುವಾಗಲೂ ಊಟದ ಮೇಜಿನ ಹಿಂದೆ ಹೋಗಿ ನಿಂತು ಕೊಡುವವರು. ಭಾವಮೈದ ಹಣ್ಣಿನಂಗಡಿಯಿಂದ ಖಾಲಿ ಮರದ ಪೆಟ್ಟಿಗೆ ತಂದು ಬೋರಲು ಹಾಕಿದ. ಅದರ ಮೇಲೆ ಹೋಟೆಲಿನ ಟವೆಲ್ಲು ಹಾಸಿದ್ದಾಯಿತು. ಟವೆಲ್ಲಿನ ಮೇಲೆ ಸ್ಪಂಜಿನ ಡಬ್ಬಿ, ಭೂತಗನ್ನಡಿ, ರಬ್ಬರ್ ಬ್ಯಾಂಡು, ನೀಲಿ ಪುಸ್ತಕ. ಕ್ಯಾಷಿಯರರು ಬೆಂಚಿನ ಮೇಲೆ ಕೂತು ಅಂಗಿಯ ತೋಳು ಮಡಚಿದರು. ಮೂರು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಪ್ರವಾಸಕ್ಕೆ ಬಂದವರ ಸಂತೋಷ ಕಾಣಿಸಿತು.

"ಸಾಲಾಗಿ ಬನ್ನಿ" ಅಂದರು.

"ಇರೋದು ಮೂರು ಜನ ಭಾವ" ಅಂದ ಭಾವಮೈದ.

"ಮೂರು ಜನ ಇದ್ರೂ ಸಾಲು ಸಾಲೇ."

"ನೀವು ಎಣಿಸ್ತಿರಿ, ನಾನು ಹೀಗೆ ಹೋಗಿ ಹಾಗೆ ಬರ್ತೀನಿ" ಎಂದು ಹೆಂಡತಿ ಸಮುದ್ರದ ಕಡೆಗೆ ನಡೆದುಬಿಟ್ಟಳು. ಅತ್ತೆ ಮೊದಲಿಗೆ ನಿಂತು ಪಾಲು ಪಡೆದು, ಪುಸ್ತಕದಲ್ಲಿ ಸಹಿ ಹಾಕಿ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಭಾವಮೈದ ತನ್ನ ಪಾಲು ತೆಗೆದುಕೊಂಡ ಮೇಲೆ ಅತ್ತಿತ್ತ ನೋಡಿ, ಶೂ ಬಿಚ್ಚಿ, ಕಾಲುಚೀಲದಿಂದ ತಮ್ಮ ದೇಶದ ಐದು ನೋಟು ತೆಗೆದು ಟವೆಲ್ಲಿನ ಮೇಲಿಟ್ಟ.

"ಭಾವ, ಇದನ್ನೂ ಮಾಡಿಕೊಡಿ. ಅಂಗಡಿಗೆ ಹೋದ್ರೆ ಕಮಿಷನ್ ಹಿಡೀತಾನೆ."

ಕ್ಯಾಷಿಯರರು ಮೂಗಿಗೆ ಕರವಸ್ತ್ರ ಹಿಡಿದು ಆ ನೋಟುಗಳನ್ನು ಪರೀಕ್ಷಿಸಿ, ಅಂಗಡಿಯ ದರಕ್ಕೇ ತಮ್ಮ ಪಾಲಿನಿಂದ ದುಡ್ಡು ಎಣಿಸಿಕೊಟ್ಟರು. ಕಮಿಷನ್ನು ಹಿಡಿಯಲಿಲ್ಲ. ಹೆಂಡತಿಯ ತಮ್ಮನ ಹತ್ತಿರ ಕಮಿಷನ್ನು ಹಿಡಿದು ಮನೆಗೆ ಹೋಗುವುದು ಹೇಗೆ?

ಇದನ್ನೆಲ್ಲ ಒಬ್ಬ ಟೋಪಿಯವನು ನೋಡುತ್ತಾ ನಿಂತಿದ್ದ. ಯಾವುದೋ ದೇಶದ ಪ್ರವಾಸಿ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಭಾವಮೈದ ಪಕ್ಕಕ್ಕೆ ಸರಿದದ್ದೇ ತಡ, ಅವನು ಮುಂದೆ ಬಂದು ತನ್ನ ದೇಶದ ಎರಡು ನೋಟು ಮುಂದೆ ಹಿಡಿದ.

ಇಲ್ಲಿ ಕ್ಯಾಷಿಯರರು 'ಇಲ್ಲ' ಎನ್ನಬಹುದಿತ್ತು. ನೀವೂ ನಾನೂ ಆಗಿದ್ದರೆ ಹಾಗೇ ಅನ್ನುತ್ತಿದ್ದೆವು. ಆದರೆ ಮುಂದೆ ಕೌಂಟರಿತ್ತು, ಕೌಂಟರಿನ ಆಚೆ ಮನುಷ್ಯನಿದ್ದ, ಮನುಷ್ಯನ ಕೈಯಲ್ಲಿ ನೋಟಿತ್ತು. ಮೂವತ್ತೊಂದು ವರ್ಷದ ಕೈ ತಾನಾಗಿ ಮುಂದೆ ಚಾಚಿತು. ನೋಟು ಬೆಳಕಿಗೆ ಹೋಯಿತು, ಪುಸ್ತಕದ ಪುಟ ತಿರುಗಿತು, ಆ ದೇಶದ ದರ ಸಿಕ್ಕಿತು, ಬೆರಳು ಸ್ಪಂಜಿಗೆ ತಾಗಿತು. ಟೋಪಿಯವನು ದುಡ್ಡು ತೆಗೆದುಕೊಂಡು, ಸಹಿ ಹಾಕಿ, ಕಮಿಷನ್ನಿಲ್ಲ ಎಂದು ಗೊತ್ತಾದ ಮೇಲೆ ಬಾಯಿ ತೆರೆದುಕೊಂಡೇ ಹೋದ. ಆಗ ಕ್ಯಾಷಿಯರರಿಗೆ ಎಚ್ಚರವಾಯಿತು.

"ಅಯ್ಯೋ, ಇದು ನಮ್ಮ ಕೆಲಸ ಅಲ್ಲ ಕಣೋ" ಅಂದರು. ತಲೆಯೆತ್ತಿ ನೋಡಿದರೆ ಮುಂದೆ ಆರು ಜನ ನಿಂತಿದ್ದರು. ಟೋಪಿಯವನಿಗೆ ಗೆಳೆಯರು ಬಹಳ.

ಸಾಲು ನಿಂತುಬಿಟ್ಟಿತ್ತು. ಸಾಲಿನಲ್ಲಿ ನಿಂತವರನ್ನು ವಾಪಸ್ ಕಳಿಸಿದ ಚರಿತ್ರೆ ಅವರಿಗಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಮರದಡಿಯ ಕೌಂಟರು ಆ ಬೀದಿಯ ಬಹು ದೊಡ್ಡ ಸಂಸ್ಥೆಯಾಗಿತ್ತು. ಊರಿಗೆ ಬಂದವರು ತಮ್ಮ ದುಡ್ಡು ಕೊಟ್ಟು ಇಲ್ಲಿನದು ಒಯ್ಯುತ್ತಿದ್ದರು, ಊರು ಬಿಟ್ಟು ಹೊರಟವರು ಇಲ್ಲಿನದು ಕೊಟ್ಟು ತಮ್ಮದು ಒಯ್ಯುತ್ತಿದ್ದರು, ಎರಡಕ್ಕೂ ಕ್ಯಾಷಿಯರರದು ಒಂದೇ ದರ. ಹಾಗಾಗಿ ದುಡ್ಡು ಖಾಲಿಯಾಗುವ ಪ್ರಶ್ನೆಯೇ ಇರಲಿಲ್ಲ. ಅತ್ತೆ ಎದ್ದು ನಿಂತು ಸಾಲಿನ ಉಸ್ತುವಾರಿ ವಹಿಸಿಕೊಂಡರು. "ಏ ಚಡ್ಡಿ, ಮಧ್ಯ ನುಗ್ಬೇಡ, ಹಿಂದೆ ಹೋಗು. ಬಾರಮ್ಮ, ಹೊಟ್ಟೆ ಹೊತ್ಕೊಂಡು ಬಿಸಿಲಲ್ಲಿ ನಿಂತಿದೀಯಲ್ಲ, ಮುಂದೆ ಬಾ." ಭಾವಮೈದ ಬಿಸ್ಕತ್ತಿನ ಪೊಟ್ಟಣದ ರಟ್ಟು ಹರಿದು, ನಂಬರ್ ಬರೆದು ಟೋಕನ್ ಹಂಚಿದ. ನಡುನಡುವೆ ಭಾವನ ಕಿವಿಗೆ ಬಾಯಿಟ್ಟು ಗೋಗರೆದ.

"ಭಾವ, ನೂರಕ್ಕೆ ಒಂದು ಕಮಿಷನ್. ಒಂದೇ ಒಂದು. ಪಾತ್ರೆ ಅಂಗಡಿ ಮುಚ್ಚಿಬಿಡ್ತೀನಿ."

"ಛೀ. ಮುಂದಿನವರು ಬನ್ನಿ."

ಒಂದೂಕಾಲಿಗೆ ಕ್ಯಾಷಿಯರರು 'ಊಟದ ಸಮಯ, ಹತ್ತು ನಿಮಿಷ' ಎಂದು ಚೀಟಿ ಬರೆದು ನಿಲ್ಲಿಸಿ, ಅತ್ತೆ ಕಟ್ಟಿ ತಂದಿದ್ದ ಬ್ರೆಡ್ಡು ತಿಂದರು. ಸಾಲು ಅಲ್ಲಾಡದೆ ಕಾಯಿತು. ಎದುರು ಅಂಗಡಿಯಲ್ಲಿ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಡಿಯವನು ಬಾಗಿಲಿಗೆ ಬಂದು ನಿಂತು ಒಂದು ಸಲ ಸಾಲು ನೋಡಿದ, ಒಂದು ಸಲ ತನ್ನ ಬೋರ್ಡು ನೋಡಿದ. ಒಳಗೆ ಹೋಗಿ ಫೋನು ಎತ್ತಿದ.

ಒಂದೂವರೆಗೆ ಸಾಲಿನ ಮುಂದೆ ಖಾಕಿ ಬಣ್ಣ ಕಂಡಿತು. ಕ್ಯಾಷಿಯರರು ತಲೆಯೆತ್ತದೆ ಕೈ ಚಾಚಿದರು.

"ಎಷ್ಟು ಬದಲಾಯಿಸಬೇಕು?"

"ನಿಮ್ಮನ್ನೇ ಬದಲಾಯಿಸಬೇಕು, ಇಲ್ಲಿಂದ ಸ್ಟೇಷನ್ನಿಗೆ" ಅಂದ ಕಾನ್‌ಸ್ಟೇಬಲ್ಲು.

"ಟೋಕನ್ ತಗೊಂಡಿದೀರಾ?" ಎಂದು ಅತ್ತೆ ಅವನನ್ನು ಗದರಿದರು.

ಸ್ಟೇಷನ್ನು ಎರಡು ಕೋಣೆಯದು. ಗೋಡೆಯಲ್ಲಿ ಒಂದು ದೊಡ್ಡ ಫಲಕ: ಬೀದಿಯಲ್ಲಿ ಹಣ ಬದಲಾಯಿಸುವವರಿದ್ದಾರೆ, ಎಚ್ಚರ. ಕ್ಯಾಷಿಯರರನ್ನು ಸರಿಯಾಗಿ ಅದರ ಕೆಳಗೇ ಕೂರಿಸಿದರು. ಇನ್‌ಸ್ಪೆಕ್ಟರ್ ಅವರನ್ನು ನೋಡಿ, ಫಲಕ ನೋಡಿ, ತೃಪ್ತಿಯಿಂದ ತಲೆದೂಗಿದ.

"ಎಷ್ಟು ವರ್ಷದಿಂದ ಈ ದಂಧೆ?"

"ಮೂವತ್ತೊಂದು ವರ್ಷ" ಎಂದರು ಕ್ಯಾಷಿಯರರು ಹೆಮ್ಮೆಯಿಂದ. ಆಮೇಲೆ ನಾಲಿಗೆ ಕಚ್ಚಿಕೊಂಡರು. "ಅಂದ್ರೆ, ಬ್ಯಾಂಕಲ್ಲಿ ಸಾರ್! ನಾನು ಬ್ಯಾಂಕಿನವನು!"

ಇನ್‌ಸ್ಪೆಕ್ಟರ್ ನೀಲಿ ಪುಸ್ತಕ ತಿರುವಿದ. ಅದನ್ನು ಓದಿ ಹೇಳಲು ಎದುರು ಅಂಗಡಿಯವನನ್ನೇ ಕರೆಸಿದರು. ದೂರು ಕೊಟ್ಟವನೂ ಅವನೇ, ಆ ಲಿಪಿ ಓದಬಲ್ಲವನೂ ಅವನೇ. ಅವನು ಕೊನೆಯ ಪುಟ ತೆಗೆದು, ಗಂಟಲು ಸರಿಮಾಡಿಕೊಂಡ.

"'ಎಚ್ಚರಿಕೆ. ಮೋಸಗಾರನ ಲಕ್ಷಣಗಳು. ಇವನಿಗೆ ಅಂಗಡಿ ಇರುವುದಿಲ್ಲ. ಮರದ ನೆರಳಿನಲ್ಲೋ ಬೀದಿಯ ಮೂಲೆಯಲ್ಲೋ ಕೂತಿರುತ್ತಾನೆ.'"

"ಮರ?" ಎಂದು ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್ಲಿನ ಮುಖ ನೋಡಿದ.

"ಮರ ಸಾರ್" ಅಂದ ಕಾನ್‌ಸ್ಟೇಬಲ್ಲು.

"'ಅಂಗಡಿಗಿಂತ ಒಳ್ಳೆಯ ದರ ಕೊಡುತ್ತಾನೆ.' ಕೊಟ್ಟ ಸಾರ್, ಕೊಟ್ಟ! 'ನಂಬಿಕೆ ಬರಲೆಂದು ಪಕ್ಕದಲ್ಲಿ ಸಭ್ಯಳಂತೆ ಕಾಣುವ ವಯಸ್ಸಾದ ಹೆಂಗಸನ್ನು ಕೂರಿಸಿಕೊಂಡಿರುವುದೂ ಉಂಟು.'"

"ಕಾಣುವ ಅಂದ್ರೇನು ಅಳಿಯಂದಿರೇ?" ಎಂದು ಅತ್ತೆ ಎದ್ದು ನಿಂತರು.

"'ಹಿಡಿದು ಕೇಳಿದರೆ, ತಾನು ಬ್ಯಾಂಕಿನವನು ಎನ್ನುತ್ತಾನೆ.'"

ಇನ್‌ಸ್ಪೆಕ್ಟರ್ ಆ ಸಾಲನ್ನು ಇನ್ನೊಮ್ಮೆ ಓದಿಸಿದ. ತಮ್ಮ ಕೈಬರಹ ಇಷ್ಟು ಸ್ಪಷ್ಟವಾಗಿರಬಾರದಿತ್ತು ಎಂದು ಕ್ಯಾಷಿಯರರಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

"ಇವರನ್ನ ಬಲ್ಲವರು ಯಾರಾದ್ರೂ ಇದೀರಾ?" ಎಂದು ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದ. ಅಲ್ಲಿ ಭಾವಮೈದ ನಿಂತಿದ್ದ.

"ನಾನು ಸುಮ್ನೆ ಸಾಲಲ್ಲಿ ನಿಂತಿದ್ದೆ ಸಾರ್. ಮುಖ ಎಲ್ಲೋ ನೋಡಿದ ಹಾಗಿದೆ, ಅಷ್ಟೇ."

"ಲೋ, ನಿನ್ನ ಬಾಯಿಗೆ ಮಣ್ಣು ಹಾಕ!" ಎಂದರು ಅತ್ತೆ. "ಇವರು ನನ್ನ ಅಳಿಯಂದಿರು ಸಾಹೇಬ್ರೇ. ಇವರಿಗೆ ಮೋಸ ಮಾಡೋಕೆ ಬರಲ್ಲ. ಬಂದಿದ್ರೆ ನನ್ನ ಮಗಳು ಇಷ್ಟೊತ್ತಿಗೆ ಬಂಗಲೇಲಿರ್ತಿದ್ಲು."

ವಶಪಡಿಸಿಕೊಂಡ ದುಡ್ಡನ್ನು ಎಣಿಸಿ ಬರೆಯಬೇಕಿತ್ತು. ಕಾನ್‌ಸ್ಟೇಬಲ್ಲು ಮೂರು ಸಲ ಎಣಿಸಿದ, ಮೂರು ಮೊತ್ತ ಬಂತು. ಕೈದಿ ಕುರ್ಚಿಯಲ್ಲಿ ಒದ್ದಾಡಿದ. "ಸಾರ್, ಹಾಗಲ್ಲ. ಬೆರಳು ಒದ್ದೆ ಮಾಡ್ಕೊಳ್ಳಿ. ಒಂದೊಂದು ದೇಶದ್ದು ಬೇರೆ ಬೇರೆ ಇಡಿ." ನಾಲ್ಕನೇ ಸಲ ಇನ್‌ಸ್ಪೆಕ್ಟರಿಗೇ ಸಾಕಾಗಿ ಕಟ್ಟನ್ನು ಅವರ ಮುಂದೆ ತಳ್ಳಿದ. ಐದು ನಿಮಿಷದಲ್ಲಿ ಏಳು ದೇಶದ ದುಡ್ಡು ಏಳು ಕಟ್ಟಾಗಿ, ಪುಸ್ತಕದ ಲೆಕ್ಕಕ್ಕೆ ತಾಳೆಯಾಗಿ ಕೂತಿತು. ಪ್ರತಿ ಸಾಲಿನ ಮುಂದೆ ಗಿರಾಕಿಯ ಸಹಿ.

"ಇದರಲ್ಲಿ ನಿಮ್ಮ ಲಾಭ ಎಷ್ಟು?" ಎಂದ ಇನ್‌ಸ್ಪೆಕ್ಟರ್.

"ಹದಿನೇಳು ಕಾಸು ನಷ್ಟ ಸಾರ್. ಚಿಲ್ಲರೆ ಇರಲಿಲ್ಲ."

"ಕಮಿಷನ್?"

"ಸೊನ್ನೆ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ. ನಷ್ಟಕ್ಕೆ ದಂಧೆ ಮಾಡುವವನನ್ನು ಕಾನೂನಿನ ಯಾವ ಕಲಮಿನಲ್ಲಿ ಹಾಕಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

"ಅದೇ ಸಾರ್ ನನ್ನ ಗೋಳು!" ಎಂದು ಅಂಗಡಿಯವನು ಮೇಜು ಗುದ್ದಿದ. "ಮೋಸಗಾರ ಆಗಿದ್ರೆ ನಾನು ಸುಮ್ನಿರ್ತಿದ್ದೆ. ಬೀದೀಲಿ ಹತ್ತು ಜನ ಮೋಸಗಾರರಿದಾರೆ, ನಾನೇನಾದ್ರೂ ಅಂದಿದೀನಾ? ಅವರಿಂದ ಪೆಟ್ಟು ತಿಂದ ಜನ ನನ್ನ ಹತ್ರಾನೇ ಬರ್ತಾರೆ. ಈ ಮನುಷ್ಯ ಸತ್ಯವಂತ ಸಾರ್! ಇವನ ಮುಂದೆ ನಾನು ಹೇಗೆ ಬದುಕಲಿ?"

ಅಷ್ಟರಲ್ಲಿ ಕಾನ್‌ಸ್ಟೇಬಲ್ಲು ಕಿಟಕಿಯ ಹತ್ತಿರ ನಿಂತು "ಸಾರ್, ಸಾಲು" ಅಂದ. ಸ್ಟೇಷನ್ನಿನ ಮೆಟ್ಟಿಲಿನಿಂದ ಹಿಡಿದು ಬೀದಿಯ ತಿರುವಿನವರೆಗೆ ಟೋಕನ್ ಹಿಡಿದವರು ಶಿಸ್ತಾಗಿ ನಿಂತಿದ್ದರು. ಕೌಂಟರು ಹೋದಲ್ಲಿಗೆ ಸಾಲೂ ಬಂದಿತ್ತು. ಮುಂದಿದ್ದವನು ಕಿಟಕಿಯಲ್ಲಿ ರಟ್ಟಿನ ಚೂರು ತೋರಿಸಿ, ಇಪ್ಪತ್ತೆರಡನೇ ನಂಬರ್ ತನ್ನದು, ಯಾವಾಗ ಕರೆಯುತ್ತೀರಿ ಎಂದು ಕೇಳಿದ.

ಆ ಸಾಲನ್ನು ಸೀಳಿಕೊಂಡು ಹೆಂಡತಿ ಒಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೈಯಲ್ಲಿ ನಾಲ್ಕು ಟಿಕೆಟಿತ್ತು.

"ಗಂಟೆ ಎರಡೂಕಾಲು" ಅಂದಳು ಗಂಡನಿಗೆ. ಆಮೇಲೆ ಇನ್‌ಸ್ಪೆಕ್ಟರಿಗೆ: "ಸಾಹೇಬ್ರೇ, ಇವರು ನಮ್ಮ ಯಜಮಾನರು. ದುಡ್ಡು ಎಣಿಸೋದು ಬಿಟ್ಟು ಪ್ರಪಂಚದಲ್ಲಿ ಇನ್ನೇನೂ ಗೊತ್ತಿಲ್ಲ. ತಪ್ಪು ಇವರದಲ್ಲ, ಇವರ ಮುಂದೆ ಪೆಟ್ಟಿಗೆ ಬೋರಲು ಹಾಕಿದವರದು. ನಾನು ಎರಡು ವರ್ಷ ಮೆಷಿನ್ ತುಳಿದು ಈ ಟಿಕೆಟಿಗೆ ದುಡ್ಡು ಕೂಡಿಸಿದೀನಿ. ಮೂರು ಗಂಟೆಗೆ ದೋಣಿ. ಬಿಟ್ಟರೆ ನನ್ನ ಜನ್ಮದಲ್ಲಿ ಇನ್ನೊಂದು ಸಲ ಆಗಲ್ಲ."

ಆಕೆ ನಾಲ್ಕೂ ಟಿಕೆಟನ್ನು ಇನ್‌ಸ್ಪೆಕ್ಟರ್ ಮುಂದೆ ಹಿಡಿದಳು. ಕ್ಯಾಷಿಯರರಿಗೆ ನೆಲ ನೋಡುವಂತಾಯಿತು. ಹದಿನಾಲ್ಕು ಅಂಗಡಿಗಳ ದರ ಗೊತ್ತಿದ್ದ ತಮಗೆ ಇದೊಂದು ಗೊತ್ತಿರಲಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಇವಳೇ, ಟಿಕೆಟಿಗೆ ದುಡ್ಡು ಎಲ್ಲಿ ಬದಲಾಯಿಸಿದೆ?"

"ಹೋಟೆಲ್ ಕೌಂಟರಲ್ಲಿ. ಮೊದಲನೇ ದಿನಾನೇ. ಎರಡು ನಿಮಿಷ ಹಿಡೀತು."

"ಎಷ್ಟು ಕೊಟ್ಟ?"

"ನೀವು ಬಾಯಿ ಮುಚ್ಚಿ" ಎಂದು ಇನ್‌ಸ್ಪೆಕ್ಟರೇ ಹೇಳಿದ. ಪುಸ್ತಕವನ್ನು ಮತ್ತೆ ಎಳೆದುಕೊಂಡು, ಕ್ಯಾಷಿಯರರಿಂದ ಒಂಬತ್ತನೇ ನಂಬರ್ ಅಂಗಡಿಯ ಪುಟ ತೆಗೆಸಿ, ಅಲ್ಲಿನದನ್ನು ಓದಿ ಹೇಳಲು ಅಂಗಡಿಯವನಿಗೇ ಬೆರಳು ತೋರಿಸಿದ.

ಅಂಗಡಿಯವನು ನೋಡಿ ಪುಸ್ತಕವನ್ನು ಕ್ಯಾಷಿಯರರ ಕಡೆಗೇ ತಳ್ಳಿದ. ಕ್ಯಾಷಿಯರರೇ ಹೇಳಿದರು: "'ದರ ಉತ್ತಮ. ಕಮಿಷನ್ನನ್ನು ಬೋರ್ಡಿನಲ್ಲಿ ಬರೆದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.' ಹಾಗಂತ ಬರ್ದಿದೀನಿ ಸಾರ್."

"ಬೋರ್ಡಲ್ಲಿ ಬರೀಬೇಕು ಅಂತ ಕಾನೂನಿದೆ, ಅಲ್ವಾ?" ಎಂದು ಇನ್‌ಸ್ಪೆಕ್ಟರ್ ಅಂಗಡಿಯವನ ಕಡೆ ತಿರುಗಿದ.

ಅಂಗಡಿಯವನಿಗೆ ತಕ್ಷಣ ಅಂಗಡಿಯಲ್ಲಿ ಬಹಳ ಕೆಲಸ ನೆನಪಾಯಿತು. ದೂರು ವಾಪಸ್ ಪಡೆದ. ಹೊರಗಿದ್ದ ಟೋಕನ್ನಿನವರಿಗೆಲ್ಲ ಆ ಒಂದು ದಿನ ಕಮಿಷನ್ನಿಲ್ಲದೆ ಬದಲಾಯಿಸಿಕೊಡುವುದಾಗಿ ಒಪ್ಪಿದ. ಸಾಲು ಅವನ ಹಿಂದೆ, ನಂಬರ್ ತಪ್ಪದೆ, ಬೀದಿ ದಾಟಿ ಹೋಯಿತು.

ಇನ್‌ಸ್ಪೆಕ್ಟರ್ ಒಂದು ಮುಚ್ಚಳಿಕೆ ಬರೆಸಿಕೊಂಡ. ಈ ಊರಿನಲ್ಲಿರುವಷ್ಟು ಹೊತ್ತು ಇವರು ಯಾರ ದುಡ್ಡನ್ನೂ, ತಮ್ಮ ದುಡ್ಡನ್ನೂ ಸಹ, ಕೈಯಿಂದ ಮುಟ್ಟಕೂಡದು. ಕ್ಯಾಷಿಯರರು ಸಹಿ ಹಾಕಿದರು. ಕೆಳಗೆ ಜಾಮೀನು ಎಂದಿದ್ದ ಕಡೆ ಹೆಂಡತಿ ಹಾಕಿದಳು.

"ಇವರ ಕೈಗೆ ನೀವೇ ಜವಾಬ್ದಾರಿ" ಅಂದ ಇನ್‌ಸ್ಪೆಕ್ಟರ್.

ಬಾಗಿಲಲ್ಲಿ ಭಾವಮೈದ ಹಲ್ಲು ಕಿರಿಯುತ್ತಾ ನಿಂತಿದ್ದ. ಅತ್ತೆ ಅಷ್ಟರಲ್ಲಿ ಮಗಳ ಕಿವಿಯಲ್ಲಿ ಎಲ್ಲ ಊದಿದ್ದರು. ಹೆಂಡತಿ ನಾಲ್ಕನೇ ಟಿಕೆಟನ್ನು ಹಿಂದಕ್ಕೆ ಹಿಡಿದಳು.

"ಇವರ ಮುಖ ಎಲ್ಲೋ ನೋಡಿದ ಹಾಗಿದೆ ಅಂದ್ಯಂತೆ?"

"ಭಾವಾ!" ಎಂದು ಅವನು ಓಡಿ ಬಂದು ಕ್ಯಾಷಿಯರರನ್ನು ತಬ್ಬಿಕೊಂಡ.

ಎರಡು ಐವತ್ತೆಂಟಕ್ಕೆ, ಅತ್ತೆಯನ್ನು ಎರಡೂ ಕಡೆ ಹಿಡಿದು ಎಳೆದುಕೊಂಡು, ನಾಲ್ವರೂ ದೋಣಿ ಹತ್ತಿದರು. ದಡ ಹಿಂದೆ ಸರಿಯಿತು. ಗಾಜಿನ ತಳದ ಕೆಳಗೆ ನೀರು ಮೊದಲು ಹಸಿರಾಯಿತು, ಆಮೇಲೆ ನೀಲಿಯಾಯಿತು, ಆಮೇಲೆ ಏಕಾಏಕಿ ಮೀನು. ಹಳದಿ ಪಟ್ಟೆಯವು, ಕೆಂಪು ಬಾಲದವು, ಹೆಂಡತಿಯ ಚಪ್ಪಲಿಯ ಅಡಿಯಲ್ಲೇ ಹಿಂಡು ಹಿಂಡಾಗಿ ಹಾದುಹೋದವು. ಆಕೆ ಬಗ್ಗಿ ನೋಡುತ್ತಲೇ ಇದ್ದಳು, ನಕ್ಕಳು, ಮೂಗು ಒರೆಸಿಕೊಂಡಳು. ಹೆಂಡತಿ ಇಷ್ಟು ಸಂತೋಷವಾಗಿದ್ದದ್ದನ್ನು ನೋಡಿ ಬಹಳ ವರ್ಷವಾಗಿತ್ತು ಎಂದು ಕ್ಯಾಷಿಯರರಿಗೆ ಅನ್ನಿಸಿತು.

"ಕ್ಯಾಲೆಂಡರಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಇವೆ ರೀ" ಅಂದಳು ಕೊನೆಗೆ.

"ಎಣಿಸಿದ್ಯಾ?"

"ಇಲ್ಲ" ಅಂದಳು ಆಕೆ. ಮೀನಿನಿಂದ ಕಣ್ಣು ತೆಗೆಯದೆ ಸೇರಿಸಿದಳು: "ನಿಮ್ಮ ಪುಸ್ತಕದಲ್ಲಿ ದಡ್ಡರು ಅಂತ ಕೆಂಪು ಇಂಕಲ್ಲಿ ಬರೆದಿದೀರಲ್ಲ, ಅವರ ಟಿಕೆಟಲ್ಲೇ ಕೂತಿದೀರಿ."

ಕ್ಯಾಷಿಯರರ ಕಣ್ಣು ಆಗಲೇ ಬೇರೆ ಕಡೆ ಹೋಗಿತ್ತು. ಯಾಕೆಂದರೆ ಅದೇ ಹೊತ್ತಿಗೆ ದೋಣಿಯ ಇನ್ನೊಂದು ತುದಿಯಲ್ಲಿ ಚಹಾದವನು ತನ್ನ ಪೆಟ್ಟಿಗೆ ತೆರೆದಿದ್ದ. ಜನ ಎದ್ದು ಸಾಲಾಗಿ ನಿಲ್ಲುತ್ತಿದ್ದರು. ಸಾಲು ಬೆಳೆಯುತ್ತಾ ಕ್ಯಾಷಿಯರರ ಪಕ್ಕಕ್ಕೇ ಬಂತು. ಒಬ್ಬಾತ ನೋಟು ಕೈಯಲ್ಲಿ ಹಿಡಿದು, ಅವರ ಮೂಗಿನ ಮುಂದೆಯೇ ನಿಂತ. ಅವರ ಬಲಗೈ ಮಂಡಿಯ ಮೇಲಿಂದ ಮೆಲ್ಲಗೆ ಎದ್ದಿತು.

ಹೆಂಡತಿ ಮೀನು ನೋಡುತ್ತಲೇ ಆ ಕೈಯನ್ನು ಹಿಡಿದು, ತನ್ನ ಮಡಿಲಿಗೆ ಎಳೆದುಕೊಂಡು, ಎರಡೂ ಕೈಯಲ್ಲಿ ಗಟ್ಟಿಯಾಗಿ ಅದುಮಿಟ್ಟುಕೊಂಡಳು. ದಡ ಸೇರುವವರೆಗೂ ಬಿಡಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಇದನ್ನು ನೋಡಿ ತನ್ನ ಗಂಡನ ಪಕ್ಕೆ ತಿವಿದಳು.

"ನೋಡಿ, ನೋಡಿ ಕಲೀರಿ. ಈ ವಯಸ್ಸಲ್ಲೂ ಎಷ್ಟು ಪ್ರೀತಿ!"